ಫೋಕಸ್ ನಿಲ್ಲುತ್ತಿಲ್ವಾ? ಪೀಜೋವನ್ನು ಬೈಯುವ ಮೊದಲು ಇಷ್ಟು ನೋಡಿ

ನಮ್ಮ ಮೈಕ್ರೋಸ್ಕೋಪ್ ರೂಮಿನಲ್ಲಿ ಒಂದು ಲಾಗ್‌ಬುಕ್ ಇದೆ. ಬಂದವರು ಹೆಸರು, ಸಮಯ ಬರೆಯಬೇಕು. ತೊಂದರೆ ಏನಾದರೂ ಆಗಿದ್ದರೆ ಅದನ್ನೂ ಬರೆದು ಹೋಗಬೇಕು. ಪುಟ ತಿರುವಿದರೆ 'ಪೀಜೋ ಕೆಟ್ಟಿದೆ' ಅನ್ನುವ ಸಾಲು ಮತ್ತೆ ಮತ್ತೆ ಸಿಗುತ್ತದೆ. ಪೀಜೋ ಅಂದರೆ ವೋಲ್ಟೇಜ್ ಕೊಟ್ಟಾಗ ಸ್ಯಾಂಪಲನ್ನು ಚೂರು ಚೂರೇ ಮೇಲೆ ಕೆಳಗೆ ಮಾಡುವ ಭಾಗ. ಇಷ್ಟು ವರ್ಷಗಳಲ್ಲಿ ಪೀಜೋ ನಿಜಕ್ಕೂ ಕೆಟ್ಟದ್ದನ್ನು ನಾನು ನೋಡಿದ್ದು ಎರಡೇ ಸಲ. ಉಳಿದ ಸಲವೆಲ್ಲ ತಪ್ಪು ಬೇರೆ ಯಾರದ್ದೋ, ಬೈಗುಳ ಮಾತ್ರ ಪೀಜೋಗೆ.

ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡುವ ಮೊದಲು ನಾನು ಏನೇನು ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಾನು ಹೇಳುತ್ತಿರುವುದು ಇನ್ವರ್ಟೆಡ್ ಮೈಕ್ರೋಸ್ಕೋಪ್ ಬಗ್ಗೆ. ಆಬ್ಜೆಕ್ಟಿವ್ (ಸ್ಯಾಂಪಲ್ ಕಡೆಗಿರುವ ಲೆನ್ಸ್) ಕೆಳಗೆ, ಸ್ಯಾಂಪಲ್ ಮೇಲೆ, ಸ್ಟೇಜಿನ (ಸ್ಯಾಂಪಲ್ ಇಡುವ ಕಟ್ಟೆಯ) ಗುಂಡಿಯೊಳಗೆ ಪೀಜೋ ಪ್ಲೇಟ್ ಕೂತಿರುವಂಥದ್ದು.

ಒಳಗೆ ಯಾರು ಯಾರು ಇದ್ದಾರೆ

ಸ್ಟೇಜನ್ನು ಎಡಬಲ, ಹಿಂದೆ ಮುಂದೆ ಓಡಿಸುವುದು ಸಾಮಾನ್ಯವಾಗಿ ಸ್ಟೆಪರ್ ಮೋಟಾರ್. ಅದು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಸ್ಕ್ರೂ ಒಂದು ಸುತ್ತಿಗೆ 2 ಮಿಲಿಮೀಟರ್ ಸರಿಸುವಂಥದ್ದಾದರೆ ಒಂದು ಹೆಜ್ಜೆಗೆ 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಆಯಿತು. ಕಂಟ್ರೋಲರ್ ಆ ಹೆಜ್ಜೆಯನ್ನೂ ಚೂರು ಮಾಡಿ ನಡೆಸುತ್ತದೆ. ಆದರೂ ಸ್ಕ್ರೂ ಅಂದ ಮೇಲೆ ಒಂದಿಷ್ಟು ಪ್ಲೇ ಇದ್ದೇ ಇರುತ್ತದೆ. ಸೈಕಲ್ ಚೈನ್ ಲೂಸ್ ಆದಾಗ ಪೆಡಲ್ ಮೊದಲು ಸುಮ್ನೆ ತಿರುಗಿ ಆಮೇಲೆ ಚಕ್ರ ಹಿಡಿಯುತ್ತದಲ್ಲ, ಹಾಗೆ.

ಪೀಜೋದಲ್ಲಿ ಸ್ಕ್ರೂ ಇಲ್ಲ, ಗೇರ್ ಇಲ್ಲ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಜಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು 1880ರಲ್ಲಿ ತೋರಿಸಿದರು. ಇಲ್ಲಿ ನಡೆಯುವುದು ಅದರ ಉಲ್ಟಾ. ವೋಲ್ಟೇಜ್ ಕೊಟ್ಟರೆ ಸಿರಾಮಿಕ್ ಉದ್ದವಾಗುತ್ತದೆ. ಎಷ್ಟು ಉದ್ದ? ಸಾವಿರಕ್ಕೆ ಒಂದು ಪಾಲು. 20 ಮಿಲಿಮೀಟರ್ ಇರುವ ತುಂಡು ಸುಮಾರು 20 ಮೈಕ್ರಾನ್ ಬೆಳೆದರೆ ಅದೇ ಜಾಸ್ತಿ. ನಮಗೆ ಬೇಕಿರುವುದು 100, 200 ಮೈಕ್ರಾನ್. ಅದಕ್ಕೇ ಒಳಗೆ ಲೋಹವನ್ನು ತೆಳ್ಳಗೆ ಕೊರೆದು ಏತದ ಹಾಗೆ ಒಂದು ಸನ್ನೆ ಮಾಡಿರುತ್ತಾರೆ. ಈ ಕಡೆ ಚೂರು ತಳ್ಳಿದರೆ ಆ ಕಡೆ ಅದರ ಹಲವು ಪಟ್ಟು ಏಳುತ್ತದೆ. ಲೋಹ ಬಾಗುತ್ತದೆ ಅಷ್ಟೇ, ಒಂದರ ಮೇಲೊಂದು ಜಾರುವ ಭಾಗವೇ ಇಲ್ಲ. ಹಾಗಾಗಿ ಪ್ಲೇ ಕೂಡ ಇಲ್ಲ.

ಇವಲ್ಲದೆ ಮೈಕ್ರೋಸ್ಕೋಪಿನ ಹೊಟ್ಟೆಯೊಳಗೆ ಆಬ್ಜೆಕ್ಟಿವ್ ಅನ್ನು ಮೇಲೆ ಕೆಳಗೆ ಮಾಡುವ ಫೋಕಸ್ ಮೋಟಾರ್ ಬೇರೆ ಇದೆ. ಅದನ್ನು ಆಡಿಸುವ ಆಟೋಫೋಕಸ್ ಇನ್ನೊಂದು. ಅಂದರೆ ಒಂದೇ ಫೋಕಸಿಗೆ ಮೂರು ಯಜಮಾನರು.

100 ಎಕ್ಸ್ ಆಯಿಲ್ ಆಬ್ಜೆಕ್ಟಿವ್ (ಲೆನ್ಸಿಗೂ ಗಾಜಿಗೂ ನಡುವೆ ಎಣ್ಣೆ ಹಾಕುವಂಥದ್ದು), ಎನ್‌ಎ (ಲೆನ್ಸ್ ಎಷ್ಟು ಅಗಲದಿಂದ ಬೆಳಕು ಹಿಡಿಯುತ್ತದೆ ಅನ್ನುವ ಅಳತೆ) 1.4 ಅಂದರೆ ಚೂಪಾಗಿ ಕಾಣುವ ಪದರದ ದಪ್ಪ ಸುಮಾರು 0.4 ಮೈಕ್ರಾನ್. ಯಾವುದೋ ಒಂದು 1 ಮೈಕ್ರಾನ್ ಕದಲಿದರೂ ಚಿತ್ರ ಹೋಯಿತು.

ಮೊದಲ ಪರೀಕ್ಷೆ: ಕದಲಿದ್ದು ಯಾರು?

ಒಳ್ಳೆಯ ಪೀಜೋ ಪ್ಲೇಟಿನಲ್ಲಿ ಸೆನ್ಸರ್ ಇರುತ್ತದೆ. ತಾನು ಎಷ್ಟು ಎದ್ದೆ ಅಂತ ಅದು ಅಳೆಯುತ್ತಾ, ತಪ್ಪಿದ್ದರೆ ವೋಲ್ಟೇಜ್ ತಿದ್ದುತ್ತಾ ಇರುತ್ತದೆ. ಆದರೆ ಆ ಸೆನ್ಸರ್ ನೋಡುವುದು ಪ್ಲೇಟಿಗೂ ಅದರ ಚೌಕಟ್ಟಿಗೂ ನಡುವಿನ ದೂರವನ್ನು ಮಾತ್ರ. ಆಬ್ಜೆಕ್ಟಿವ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ತನ್ನ ಮನೆಯ ಹೊಸಿಲಿನಿಂದ ಎಷ್ಟು ದೂರ ಬಂದೆ ಅಂತ ಗೊತ್ತು, ಮನೆಗೆ ಮನೆಯೇ ಜಾರಿದರೆ ಗೊತ್ತಾಗುವುದಿಲ್ಲ. ಈ ಕೈಪಿಡಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪರೀಕ್ಷೆ ಹೀಗೆ ಮಾಡಿ. ಜೀವಕೋಶ, ಡಿಶ್ ಎಲ್ಲ ಪಕ್ಕಕ್ಕಿಡಿ. ಗಾಜಿಗೆ ಒಣಗಿ ಅಂಟಿರುವ 0.1 ಮೈಕ್ರಾನಿನ ಫ್ಲೋರೆಸೆಂಟ್ ಬೀಡ್ಸ್ (ಹೊಳೆಯುವ ಪುಟ್ಟ ಮಣಿಗಳು) ಸ್ಲೈಡ್ ಒಂದನ್ನು ಹಾಕಿ. ಆಟೋಫೋಕಸ್ ಆಫ್ ಮಾಡಿ. ಪೀಜೋವನ್ನು ಅದರ ವ್ಯಾಪ್ತಿಯ ನಡುವಿಗೆ ತನ್ನಿ. ಕೈಯಿಂದ ಫೋಕಸ್ ಮಾಡಿ, ಪೀಜೋ ಮತ್ತು ಫೋಕಸ್ ಮೋಟಾರ್ ಎರಡರ ರೀಡಿಂಗನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಯಾವುದನ್ನೂ ಮುಟ್ಟದೆ ನಿಮಿಷಕ್ಕೊಂದು ಚಿತ್ರದಂತೆ ಅರ್ಧ ಗಂಟೆ ಬಿಡಿ. ರೂಮಿನಿಂದ ಹೊರಗೇ ಹೋಗಿ, ಕಾಫಿ ಕುಡಿದು ಬನ್ನಿ. ನಿಮ್ಮ ಮೈಯ ಬಿಸಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ವಾಪಸ್ ಬಂದು ನೋಡಿ. ಬೀಡ್ಸ್ ಚೂಪಾಗಿಯೇ ಇದ್ದರೆ ಯಂತ್ರ ಸರಿ ಇದೆ, ತೊಂದರೆ ನಿಮ್ಮ ಸ್ಯಾಂಪಲಿನಲ್ಲಿ. ಬೀಡ್ಸ್ ಮಬ್ಬಾಗಿ, ರೀಡಿಂಗ್ ಎರಡೂ ಮೊದಲಿನಂತೆಯೇ ಇದ್ದರೆ ಸೆನ್ಸರಿನ ಕಣ್ಣಿಗೆ ಬೀಳದ ಏನೋ ಜಾರಿದೆ. ರೀಡಿಂಗೇ ಬದಲಾಗಿದ್ದರೆ ಯಾರೋ ಆದೇಶ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಇರಬಹುದು, ಕೇಬಲ್ ಇರಬಹುದು. ಇವೆರಡು ದಾರಿ ಪೂರ್ತಿ ಬೇರೆ ಬೇರೆ. ಒಂದರಲ್ಲಿ ಹುಡುಕಬೇಕಾದ್ದನ್ನು ಇನ್ನೊಂದರಲ್ಲಿ ಹುಡುಕಿ ವಾರಗಟ್ಟಲೆ ಕಳೆದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ರೀಡಿಂಗ್ ಅಲ್ಲೇ ಇದೆ, ಫೋಕಸ್ ಮಾತ್ರ ಜಾರುತ್ತಿದೆ

ಇಲ್ಲಿ ಮೊದಲ ಅನುಮಾನ ಬಿಸಿಯ ಮೇಲೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಹಿಗ್ಗುತ್ತದೆ. ಅಂದರೆ 10 ಸೆಂಟಿಮೀಟರ್ ಲೋಹ ಒಂದು ಡಿಗ್ರಿಗೆ 2.3 ಮೈಕ್ರಾನ್. ಆಬ್ಜೆಕ್ಟಿವ್‌ನಿಂದ ಹೊರಟು, ಅದನ್ನು ಹಿಡಿದಿರುವ ತಿರುಗುವ ತಲೆ, ಮೈಕ್ರೋಸ್ಕೋಪಿನ ಮೈ, ಸ್ಟೇಜಿನ ಕಾಲು, ಪ್ಲೇಟು, ಕೊನೆಗೆ ಸ್ಯಾಂಪಲ್ ಅಂತ ಒಂದು ಸುತ್ತು ಬಂದರೆ ಲೋಹ ಎಷ್ಟು ಉದ್ದ ಇದೆ ನೋಡಿ. ನಾವು ನ್ಯಾನೋಮೀಟರ್ ಲೆಕ್ಕದ ಪೀಜೋ ತಂದು, ತಲೆ ಮೇಲೆ ಎಸಿ ಗಾಳಿ ಬೀಸುವ ಜಾಗದಲ್ಲಿ ಇಡುತ್ತೇವೆ!

ಒಮ್ಮೆ ಒಬ್ಬ ಹುಡುಗಿ ರಾತ್ರಿಯಿಡೀ ತೆಗೆದ ಚಿತ್ರಗಳನ್ನು ತಂದು ತೋರಿಸಿದಳು. ಫೋಕಸ್ ಹೋಗುತ್ತಿತ್ತು, ತಾನಾಗಿ ವಾಪಸ್ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. "ಸರ್, ಪೀಜೋ ಉಸಿರಾಡ್ತಿದೆ" ಅಂದಳು. ಕೆಟ್ಟ ಪೀಜೋ ಹೀಗೆ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ, ಅಲ್ವಾ? ಚಿತ್ರಗಳ ಚೂಪುತನವನ್ನು ಸಮಯದ ಎದುರು ಗ್ರಾಫ್ ಹಾಕಿದೆವು. ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಟ್ಟು ಮಾರನೆಯ ರಾತ್ರಿ ಅದನ್ನೂ ದಾಖಲಿಸಿದೆವು. ಎಸಿ ಕಂಪ್ರೆಸರ್ ಆನ್ ಆದಾಗ ಇಳಿತ, ಆಫ್ ಆದಾಗ ಏರಿಕೆ. ಎರಡು ಗೆರೆಗಳೂ ಅವಳಿಜವಳಿ. ಗಾಳಿ ನೇರ ಬೀಳದಂತೆ ರಟ್ಟಿನ ಡಬ್ಬವೊಂದನ್ನು ಬಿಚ್ಚಿ ಅಡ್ಡ ಕಟ್ಟಿದೆವು. ಆ ರಟ್ಟು ಇವತ್ತಿಗೂ ಅಲ್ಲೇ ಇದೆ, ನೋಡಲು ಚೆಂದ ಇಲ್ಲ.

ಸ್ಟೇಜಿನ ಮೇಲಿಡುವ 37 ಡಿಗ್ರಿಯ ಇನ್‌ಕ್ಯುಬೇಟರ್ ಇದ್ದರೆ ಅದನ್ನು ಎರಡು ಮೂರು ಗಂಟೆ ಮೊದಲೇ ಆನ್ ಮಾಡಿ. ಡಿಸ್‌ಪ್ಲೇಯಲ್ಲಿ 37 ಬಂತು ಅಂದರೆ ಸೆನ್ಸರ್ ಇರುವ ಜಾಗ ಬಿಸಿಯಾಯಿತು ಅಂತ ಮಾತ್ರ ಅರ್ಥ. ಸ್ಟೇಜಿನ ಗಟ್ಟಿ ಲೋಹ ಇನ್ನೂ ಹಿಗ್ಗುತ್ತಲೇ ಇರುತ್ತದೆ. ಆಯಿಲ್ ಆಬ್ಜೆಕ್ಟಿವ್ ಕೂಡ ಹಾಗೇ. ಎಣ್ಣೆಯ ಮೂಲಕ ಅದು ಸ್ಯಾಂಪಲಿನ ಬಿಸಿ ಹೀರುತ್ತದೆ. ಅದಕ್ಕೆ ಹೀಟರ್ ಕಾಲರ್ ಇಲ್ಲದಿದ್ದರೆ ಫೋಕಸ್ ಸ್ವಲ್ಪ ಹೊತ್ತು ಒಂದೇ ದಿಕ್ಕಿಗೆ ಓಡುತ್ತದೆ.

ಬಿಸಿ ಅಲ್ಲ ಅಂತಾದರೆ ಕೈ ಹಾಕಿ ಮುಟ್ಟಿ ನೋಡಬೇಕಾದ ಸಂಗತಿಗಳಿವೆ. ಆಬ್ಜೆಕ್ಟಿವ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗೆ ಜಾರುತ್ತಿದೆಯಾ? ಕೆಲವು ಮಾಡೆಲ್‌ಗಳಲ್ಲಿ ಫೋಕಸ್ ತಿರುಗಣಿಯ ಬುಡದಲ್ಲಿ ಬಿಗಿ ಹೊಂದಿಸುವ ಬಳೆ ಇರುತ್ತದೆ, ಅದನ್ನು ಚೂರು ಬಿಗಿ ಮಾಡಿ. ಪೀಜೋ ಪ್ಲೇಟ್ ತನ್ನ ಗುಂಡಿಯಲ್ಲಿ ಸರಿಯಾಗಿ ಕೂತಿದೆಯಾ? ನಾಲ್ಕು ಮೂಲೆಯನ್ನೂ ಬೆರಳಿನಿಂದ ಹಗುರವಾಗಿ ಒತ್ತಿ. ಎಲ್ಲಿ 'ಟಕ್' ಅಂದರೂ ಅದರ ಕೆಳಗೆ ಧೂಳೋ, ಒಣಗಿದ ಎಣ್ಣೆಯೋ ಇದೆ. ಸ್ಲೈಡನ್ನು ಹಿಡಿಯುವ ಕ್ಲಿಪ್ ಸಡಿಲ ಇದ್ದರೆ ಎಣ್ಣೆಯೇ ಗಾಜನ್ನು ಎಳೆದಾಡುತ್ತದೆ. ಆಬ್ಜೆಕ್ಟಿವ್ ಹತ್ತಿರ ಬಂದಾಗ ಕವರ್‌ಸ್ಲಿಪ್ (ಸ್ಯಾಂಪಲ್ ಮುಚ್ಚುವ ತೆಳು ಗಾಜು) ಮೇಲಕ್ಕುಬ್ಬುತ್ತದೆ, ದೂರ ಹೋದಾಗ ಅದರ ಜೊತೆಗೇ ಇಳಿಯುತ್ತದೆ.

ಮತ್ತೆ ಕೇಬಲ್. ಪೀಜೋ ಕೇಬಲ್ ದಪ್ಪ, ಸೆಟೆದುಕೊಂಡಿರುತ್ತದೆ. ಸ್ಟೇಜ್ ದೂರದ ಮೂಲೆಗೆ ಹೋದಾಗ ಅದು ಹಿಂದಿನಿಂದ ಹಗ್ಗ ಕಟ್ಟಿದಂತೆ ಜಗ್ಗುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಫೋಕಸ್ ತಪ್ಪುತ್ತಿದ್ದರೆ ಮೊದಲು ಕೇಬಲನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿ.

ರೀಡಿಂಗೇ ಬದಲಾಗುತ್ತಿದೆ

ಈಗ ಯಜಮಾನರ ಜಗಳ. ಆಟೋಫೋಕಸ್ ಇನ್‌ಫ್ರಾರೆಡ್ ಬೆಳಕನ್ನು ಕವರ್‌ಸ್ಲಿಪ್ಪಿಗೆ ಬಿಟ್ಟು, ವಾಪಸ್ ಬಂದ ಬೆಳಕಿನಿಂದ ದೂರ ಅಳೆಯುತ್ತದೆ. ದೂರ ಬದಲಾದರೆ ಆಬ್ಜೆಕ್ಟಿವ್ ಅನ್ನು ಸರಿಸಿ ಮೊದಲಿನಂತೆ ಮಾಡುತ್ತದೆ. ಒಳ್ಳೆಯ ಕೆಲಸವೇ. ಆದರೆ ನೀವು ಪೀಜೋದಿಂದ ಝಡ್ ಸ್ಟ್ಯಾಕ್ (ಬೇರೆ ಬೇರೆ ಎತ್ತರದಲ್ಲಿ ಪದರ ಪದರವಾಗಿ ಚಿತ್ರಗಳು) ತೆಗೆಯುವಾಗಲೂ ಅದು ಆನ್ ಇದ್ದರೆ? ಪೀಜೋ ಸ್ಯಾಂಪಲನ್ನು 1 ಮೈಕ್ರಾನ್ ಎತ್ತುತ್ತದೆ. 'ಅಯ್ಯೋ, ದೂರ ಹೋಯಿತು' ಅಂತ ಆಟೋಫೋಕಸ್ ಆಬ್ಜೆಕ್ಟಿವನ್ನೂ 1 ಮೈಕ್ರಾನ್ ಎತ್ತುತ್ತದೆ. 20 ಪ್ಲೇನ್ ತೆಗೆದಿರುತ್ತೀರಿ, 20ರಲ್ಲೂ ಒಂದೇ ಚಿತ್ರ. ಲಾಗ್‌ಬುಕ್ಕಿನಲ್ಲಿ 'ಪೀಜೋ ಅಲ್ಲಾಡ್ತಾ ಇಲ್ಲ' ಅಂತ ಬರೆದಿದ್ದರೆ ನಾನು ಮೊದಲು ಕೇಳುವುದು ಇದನ್ನೇ. ಸ್ಟ್ಯಾಕ್ ಶುರುವಾಗುವ ಮೊದಲು ಆಟೋಫೋಕಸ್ ಸುಮ್ಮನಾಗಬೇಕು, ಮುಗಿದ ಮೇಲೆ ಮತ್ತೆ ಎಚ್ಚರಾಗಬೇಕು. ಸಾಫ್ಟ್‌ವೇರಿನಲ್ಲಿ ಇದಕ್ಕೊಂದು ಟಿಕ್ ಬಾಕ್ಸ್ ಇರುತ್ತದೆ, ಹುಡುಕಿ.

ಅದಕ್ಕೆ ಸೋದರನಂಥ ಇನ್ನೊಂದು ತಪ್ಪಿದೆ. ಸಾಫ್ಟ್‌ವೇರ್ ಕಣ್ಣಿಗೆ ಎರಡು ಝಡ್ ಇವೆ. ಒಂದು ಮೋಟಾರ್, ಒಂದು ಪೀಜೋ. ಮೈಕ್ರೋ-ಮ್ಯಾನೇಜರ್ ಅನ್ನುವ ಮೈಕ್ರೋಸ್ಕೋಪ್ ನಡೆಸುವ ಸಾಫ್ಟ್‌ವೇರ್ ಬಳಸುವವರು ಫೋಕಸ್ ಡಿವೈಸ್ ಅಂತ ಯಾವುದನ್ನು ಆರಿಸಿದ್ದಾರೆ ನೋಡಬೇಕು. ಮೋಟಾರ್ ಆರಿಸಿದ್ದರೆ ಸ್ಟ್ಯಾಕ್ ಬರುತ್ತದೆ, ಆದರೆ ನಿಧಾನ. ಮೇಲೆ ಹೋಗುವಾಗಿನ ಚಿತ್ರ ಕೆಳಗೆ ಬರುವಾಗಿನದಕ್ಕೆ ಹೊಂದುವುದೂ ಇಲ್ಲ. ಪೀಜೋ ಪಾಪ ಅಲ್ಲೇ ಕೂತಿರುತ್ತದೆ. ಬೈಗುಳ ಮಾತ್ರ ಅದಕ್ಕೆ.

ಕಂಟ್ರೋಲರ್‌ಗೆ ಆದೇಶ ಅನಲಾಗ್ ವೋಲ್ಟೇಜ್ ಮೂಲಕ ಹೋಗುತ್ತಿದ್ದರೆ ಸಣ್ಣ ಲೆಕ್ಕ ಹಾಕಿ. 0ರಿಂದ 10 ವೋಲ್ಟ್ ಕೊಟ್ಟಾಗ 100 ಮೈಕ್ರಾನ್ ಅಂದರೆ 1 ಮಿಲಿವೋಲ್ಟಿಗೆ 10 ನ್ಯಾನೋಮೀಟರ್. ಕೇಬಲಿನಲ್ಲಿ 20 ಮಿಲಿವೋಲ್ಟ್ ಗದ್ದಲ ಸೇರಿದರೆ ಪ್ಲೇಟು 200 ನ್ಯಾನೋಮೀಟರ್ ನಡುಗುತ್ತದೆ. ನಮ್ಮ ಕರೆಂಟಿನ 50 ಹರ್ಟ್ಜ್ ಗುನುಗು ಹೀಗೇ ನುಗ್ಗುವುದು. ಪರೀಕ್ಷೆ ಸುಲಭ. ಕಂಟ್ರೋಲರನ್ನು ಡಿಜಿಟಲ್ ಆದೇಶಕ್ಕೆ ಬದಲಿಸಿ. ನಡುಕ ನಿಂತರೆ ತಪ್ಪು ಕೇಬಲಿನದ್ದು ಅಥವಾ ಅರ್ತಿಂಗಿನದ್ದು. ಕಂಪ್ಯೂಟರ್, ಕಂಟ್ರೋಲರ್, ಕ್ಯಾಮೆರಾ ಎಲ್ಲವನ್ನೂ ಒಂದೇ ಯುಪಿಎಸ್ ಲೈನಿಗೆ ಹಾಕಿ ಮತ್ತೆ ನೋಡಿ.

ಸ್ಟ್ಯಾಕಿನ ಅರ್ಧ ಮಾತ್ರ ಸರಿ

ಮೇಲಿನ ಅರ್ಧ ಚೆನ್ನಾಗಿದೆ, ಕೆಳಗಿನ ಅರ್ಧ ಪೂರ್ತಿ ಒಂದೇ ಚಿತ್ರ. ಇದಕ್ಕೆ ಐದು ಸೆಕೆಂಡ್ ಸಾಕು. ಪೀಜೋ 0 ಮೈಕ್ರಾನ್‌ನಲ್ಲಿ ನಿಂತಿದ್ದಾಗ ನೀವು ಫೋಕಸ್ ಮಾಡಿದ್ದೀರಿ. ಇನ್ನು ಕೆಳಗೆ ಹೋಗು ಅಂದರೆ ಅದು ಎಲ್ಲಿಗೆ ಹೋಗಬೇಕು? ಪೀಜೋವನ್ನು ನಡುವಿಗೆ ತಂದು, ಮೋಟಾರಿನಿಂದ ಫೋಕಸ್ ಹಿಡಿದು, ಆಮೇಲೆ ಸ್ಟ್ಯಾಕ್ ಶುರು ಮಾಡಿ.

50ಕ್ಕೆ ಹೋಗು ಅಂದರೆ ಒಂದೊಂದು ಸಲ ಒಂದೊಂದು ಕಡೆ

ಇದನ್ನು ಕಂಡರೆ ಸರ್ವೋ, ಅಂದರೆ ಸೆನ್ಸರ್ ನೋಡಿ ವೋಲ್ಟೇಜ್ ತಿದ್ದುವ ವ್ಯವಸ್ಥೆ, ಆನ್ ಇದೆಯಾ ನೋಡಿ. ಸೆನ್ಸರಿನ ಮಾತು ಕೇಳದೆ ಬರೀ ವೋಲ್ಟೇಜಿನಿಂದ ನಡೆಯುವ ಪೀಜೋಗೆ ಎರಡು ಚಾಳಿ ಇವೆ. ಮೇಲಿಂದ ಬಂದು 50ರಲ್ಲಿ ನಿಂತ ಜಾಗವೂ ಕೆಳಗಿಂದ ಬಂದು ನಿಂತ ಜಾಗವೂ ಒಂದೇ ಆಗಿರುವುದಿಲ್ಲ. ಈ ವ್ಯತ್ಯಾಸ ಓಡಾಟದ ನೂರಕ್ಕೆ 10ರಿಂದ 15ರವರೆಗೂ ಇರಬಹುದು. ಇದು ಹಿಸ್ಟರಿಸಿಸ್. ಇನ್ನೊಂದು ಕ್ರೀಪ್. ನಿಂತ ಮೇಲೂ ಮೆಲ್ಲಗೆ ಅದೇ ದಿಕ್ಕಿಗೆ ತೆವಳುತ್ತದೆ. 1ರಿಂದ 10 ಸೆಕೆಂಡಿನಲ್ಲಿ ಎಷ್ಟು ತೆವಳಿತೋ, 10ರಿಂದ 100 ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಮೊದಲು ಜೋರು, ಆಮೇಲೆ ನಿಧಾನ, ಪೂರ್ತಿ ನಿಲ್ಲುವುದಂತೂ ಇಲ್ಲ.

ಇವೆರಡೂ ಕಾಯಿಲೆ ಅಲ್ಲ, ಹುಟ್ಟುಗುಣ. ಸರ್ವೋ ಆನ್ ಆದ ತಕ್ಷಣ ಅಡಗುತ್ತವೆ. ನಮ್ಮಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಕಂಟ್ರೋಲರ್ ಸರ್ವೋ ಆಫ್ ಇಟ್ಟುಕೊಂಡೇ ಎದ್ದ ದಿನಗಳಿವೆ. ಮುಂದಿನ ಸಣ್ಣ ದೀಪವನ್ನು ಯಾರೂ ನೋಡಿರಲಿಲ್ಲ.

ಸರ್ವೋ ಆನ್ ಇದ್ದೂ 10 ಮೈಕ್ರಾನ್ ಅಂದರೆ 11 ಹೋಗುತ್ತಿದೆಯಾ? ಕಂಟ್ರೋಲರ್ ಮತ್ತು ಪ್ಲೇಟಿನ ಸೀರಿಯಲ್ ನಂಬರ್ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಇವೆರಡನ್ನೂ ಜೋಡಿಯಾಗಿಯೇ ಕ್ಯಾಲಿಬ್ರೇಟ್ ಮಾಡಿರುತ್ತಾರೆ. ಪಕ್ಕದ ಲ್ಯಾಬಿನವರು ಎರಡು ದಿನಕ್ಕೆ ಅಂತ ಕಂಟ್ರೋಲರ್ ಒಯ್ದು, ವಾಪಸ್ ಕೊಡುವಾಗ ತಮ್ಮದನ್ನು ಕೊಟ್ಟರೆ ಗಂಡು ಹೆಣ್ಣು ಅದಲುಬದಲಾದ ಮದುವೆಯಂತೆ ಆಗುತ್ತದೆ. ಹೊರಗಿಂದ ಎಲ್ಲ ಸರಿ ಕಾಣುತ್ತದೆ.

ಆದರೆ ಒಂದು ಸುಳ್ಳು ಅಲಾರಂ ಬಗ್ಗೆ ಹೇಳಲೇಬೇಕು. ಕವರ್‌ಸ್ಲಿಪ್ಪಿನ ಎರಡೂ ಬದಿಗೆ ಮಾರ್ಕರ್ ಪೆನ್ ಗುರುತು ಹಾಕಿ, ಒಂದರಿಂದ ಇನ್ನೊಂದಕ್ಕೆ ಫೋಕಸ್ ಮಾಡಿ ಪೀಜೋ ಪರೀಕ್ಷಿಸುವವರಿದ್ದಾರೆ. ಗಾಜು 170 ಮೈಕ್ರಾನ್, ಪೀಜೋ ತೋರಿಸಿದ್ದು ಸುಮಾರು 112. 'ಕ್ಯಾಲಿಬ್ರೇಷನ್ ಹೋಗಿದೆ!' ಹೋಗಿಲ್ಲ. ಡ್ರೈ (ಎಣ್ಣೆ ಹಾಕದ) ಆಬ್ಜೆಕ್ಟಿವ್‌ನಲ್ಲಿ ಗಾಜಿನೊಳಗಿನ ಆಳ ಅದರ ವಕ್ರೀಭವನ ಸೂಚ್ಯಂಕ 1.52ರಷ್ಟು ಪಟ್ಟು ಕಡಿಮೆ ಕಾಣುತ್ತದೆ. ಬಾವಿಯ ತಳ ಹತ್ತಿರ ಕಾಣುವುದೂ ಇದೇ ಕಾರಣಕ್ಕೆ.

ಪ್ಲೇಟ್ ಕೀರಲುತ್ತಿದೆ

ಸೊಳ್ಳೆಯಂಥ ಸಣ್ಣ ಕೀರಲು ದನಿ, ಚಿತ್ರದಲ್ಲಿ ನಡುಕ. ಕೇಳಿದ ಕೂಡಲೇ ಸರ್ವೋ ಆಫ್ ಮಾಡಿ, ಆಮೇಲೆ ಯೋಚಿಸಿ. ಪ್ಲೇಟ್ ತನ್ನದೇ ಕಂಪನಕ್ಕೆ ತಾನೇ ಹೆದರಿ ತಿದ್ದುತ್ತಾ, ತಿದ್ದಿದ್ದನ್ನು ಮತ್ತೆ ತಿದ್ದುತ್ತಾ ಇರುತ್ತದೆ. ಹಾಗೇ ಬಿಟ್ಟರೆ ಪೀಜೋ ಬಿಸಿಯಾಗಿ ಹಾಳಾಗಬಹುದು. ಮೇಲಿನ ಭಾರ ಬದಲಾದಾಗ ಹೀಗಾಗುವುದು ಜಾಸ್ತಿ. ಒಂದು ಸ್ಲೈಡಿಗೆ ಹೊಂದಿಸಿದ್ದ ಸರ್ವೋ ಮೇಲೆ ನೀವು ಭಾರದ ಇನ್‌ಕ್ಯುಬೇಟರ್ ಹೇರಿದರೆ ಅದರ ಲೆಕ್ಕ ತಪ್ಪುತ್ತದೆ. ಭಾರ ಇಳಿಸಿ ಮತ್ತೆ ಆನ್ ಮಾಡಿ. ಸುಮ್ಮನಿದ್ದರೆ ಕಾರಣ ಸಿಕ್ಕಿತು. ಹೊಸ ಭಾರಕ್ಕೆ ತಕ್ಕಂತೆ ಗೇನ್ (ಸರ್ವೋ ಎಷ್ಟು ಜೋರಾಗಿ ತಿದ್ದಬೇಕು ಅನ್ನುವುದು) ಹೊಂದಿಸಲು ಕಂಪನಿಯವರನ್ನೇ ಕರೆಯಿರಿ.

ಎಡಬಲ ಓಡುವಾಗಿನ ತೊಂದರೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಿರುತ್ತದೆ. ಪ್ಲೇಟ್ 10 ಮಿಲಿಮೀಟರಿಗೆ 10 ಮೈಕ್ರಾನ್ ವಾಲಿದ್ದರೂ ಕಣ್ಣಿಗೆ ಕಾಣುವುದಿಲ್ಲ, ಫೋಕಸಿಗೆ ಅದು ದೊಡ್ಡ ಇಳಿಜಾರು. ಮೂರು ನಾಲ್ಕು ಕಡೆ ಫೋಕಸ್ ಮಾಡಿ ರೀಡಿಂಗ್ ಬರೆಯಿರಿ. ಒಂದು ದಿಕ್ಕಿಗೆ ಸಮವಾಗಿ ಏರುತ್ತಾ ಹೋದರೆ ವಾಲಿದೆ ಅಂತ, ಮೂಲೆಯ ಸ್ಕ್ರೂಗಳಿಂದ ಮಟ್ಟ ಮಾಡಿ. ಹೇಗೆಂದರೆ ಹಾಗೆ ಏರಿಳಿದರೆ ಡಿಶ್ಶಿನ ತಳವೇ ಡೊಂಕು.

ಸ್ಟೇಜ್ ತಾನಾಗಿ ಮೆಲ್ಲಗೆ ಒಂದು ಕಡೆ ಸರಿಯುತ್ತಿದ್ದರೆ ಜಾಯ್‌ಸ್ಟಿಕ್ ಕೇಬಲ್ ಕಿತ್ತು ನೋಡಿ. ನಿಂತರೆ ಜಾಯ್‌ಸ್ಟಿಕ್ ನಡು ತಪ್ಪಿದೆ. ನಮ್ಮಲ್ಲಿ ಒಂದು ಸಲ ಅದರ ಮೇಲೆ ಗ್ಲೌಸ್ ಡಬ್ಬ ಒರಗಿತ್ತು, ಅಷ್ಟೇ. ಅದೇ ಜಾಗಕ್ಕೆ ವಾಪಸ್ ಬರುವುದಿಲ್ಲ ಅನ್ನುವ ದೂರಿಗೆ, ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲುವಂತೆ ಮಾಡಿ ನೋಡಿ. ಸರಿ ಹೋದರೆ ಅದು ಸ್ಕ್ರೂವಿನ ಪ್ಲೇ. ಸ್ಕ್ರೂಗೆ ಸಿಕ್ಕ ಸಿಕ್ಕ ಸ್ಪ್ರೇ ಹೊಡೆಯಬೇಡಿ. ಒಳಗಿನ ಗ್ರೀಸ್ ತೊಳೆದುಹೋಗುತ್ತದೆ.

ಆ ಎರಡು ಸಲ

ಮೊದಲನೆಯದು ಉಪ್ಪುನೀರು. ಡಿಶ್ಶಿನಿಂದ ತುಳುಕಿದ ಮೀಡಿಯಂ (ಜೀವಕೋಶ ಬೆಳೆಸುವ ದ್ರವ) ಪ್ಲೇಟಿನ ಸಂದಿಗೆ ಇಳಿದಿತ್ತು. ಮೇಲೆ ಒರೆಸಿದವರು ಯಾರಿಗೂ ಹೇಳಿರಲಿಲ್ಲ. ಮೂರು ದಿನ ಚೆನ್ನಾಗಿಯೇ ನಡೆಯಿತು. ನಾಲ್ಕನೆಯ ದಿನ ಕಂಟ್ರೋಲರ್ ಓವರ್‌ಲೋಡ್ ಅಂತ ಕೆಂಪು ದೀಪ ಹಾಕಿ ಕೂತಿತು. ತೇವ ಮತ್ತು ಹೆಚ್ಚು ವೋಲ್ಟೇಜ್ ಒಟ್ಟಿಗೆ ಬಹಳ ಹೊತ್ತು ಇರುವುದು ಪೀಜೋಗೆ ವಿಷ. ಕೆಲಸ ಮುಗಿದ ಮೇಲೆ ಅದನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ ಮನೆಗೆ ಹೋಗಬೇಡಿ.

ಎರಡನೆಯದು ಆಬ್ಜೆಕ್ಟಿವ್ ಕೆಳಗೆ ಹಾಕುವಂಥ ಪೀಜೋ. ಅದರ ಮೇಲೆ ಆಬ್ಜೆಕ್ಟಿವ್ ತಿರುಗಿಸಿ ಬಿಗಿ ಮಾಡುವಾಗ ಯಾರೋ ತಮ್ಮ ಬಲವನ್ನೆಲ್ಲ ತೋರಿಸಿದ್ದರು. ಪೀಜೋ ಉದ್ದಕ್ಕೆ ಒತ್ತಿದರೆ ತಡೆಯುತ್ತದೆ, ತಿರುಚಿದರೆ ತಡೆಯುವುದಿಲ್ಲ. ಒಳಗಿನ ತೆಳು ಲೋಹ ಬಾಗಿ, ಸೆನ್ಸರ್ ತನ್ನ ವ್ಯಾಪ್ತಿಯಿಂದಲೇ ಆಚೆ ಹೋಗಿತ್ತು. ರಿಪೇರಿಗೆ ಹೊರದೇಶಕ್ಕೆ ಹೋದದ್ದು ವಾಪಸ್ ಬರಲು ತಿಂಗಳುಗಳೇ ಹಿಡಿದವು.

ಹೀಗೇನಾದರೂ ಅನಿಸಿದರೆ ಬಿಚ್ಚಲು ಹೋಗಬೇಡಿ. ಒಳಗೆ 100 ವೋಲ್ಟಿಗೂ ಮೇಲೆ ಇರುತ್ತದೆ. ಆಫ್ ಮಾಡಿದ ಮೇಲೂ ಪೀಜೋ ಕೆಪಾಸಿಟರಿನಂತೆ ಚಾರ್ಜ್ ಹಿಡಿದುಕೊಂಡಿರಬಹುದು. ಆನ್ ಇರುವಾಗ ಕನೆಕ್ಟರ್ ಕೀಳುವುದಂತೂ ಬೇಡವೇ ಬೇಡ.

ಫೋನ್ ಮಾಡುವ ಮೊದಲು ಕಂಟ್ರೋಲರ್, ಪ್ಲೇಟ್ ಎರಡರ ಸೀರಿಯಲ್ ನಂಬರ್ ಬರೆದುಕೊಳ್ಳಿ. ಮೇಲೆ ಎಷ್ಟು ಭಾರ ಇತ್ತು, ಸರ್ವೋ ಆನ್ ಇತ್ತಾ, ಯಾವ ದೀಪ ಉರಿಯುತ್ತಿತ್ತು ಅನ್ನುವುದನ್ನೂ ಬರೆಯಿರಿ. ಬೀಡ್ಸ್ ಸ್ಲೈಡಿನ ಅರ್ಧ ಗಂಟೆಯ ಚಿತ್ರಗಳನ್ನು, 50ರಿಂದ 60ಕ್ಕೆ ಹೋಗಿ ಮತ್ತೆ 50ಕ್ಕೆ ಬಂದ ಮೂರು ಚಿತ್ರಗಳನ್ನು ಜೊತೆಗೆ ಕಳಿಸಿ. ಇಷ್ಟಿದ್ದರೆ ಎಂಜಿನಿಯರ್ ಬರುವಾಗ ಸರಿಯಾದ ಸ್ಪೇರ್ ಹಿಡಿದೇ ಬರುತ್ತಾರೆ. ಮತ್ತೆ, ಮೀಡಿಯಂ ಚೆಲ್ಲಿದ್ದರೆ ಅದನ್ನು ದಯವಿಟ್ಟು ಲಾಗ್‌ಬುಕ್ಕಿನಲ್ಲಿ ಅವತ್ತೇ ಬರೆಯಿರಿ. ಯಾರು ಅಂತ ನಾನು ಕೇಳುವುದಿಲ್ಲ.